ಬೆಲ್ಟ್ ಕಟ್ಟಿದ್ರೆ ಹಾರ್ಲಿಕ್ಕೆ ಆಗುದಿಲ್ಲ ಅಂತಾರಲ್ಲ, ಅದು ನಿಜವಾ?

ಪ್ರಶ್ನೆ: ಸರ್, ನಾನು ಹಿರಿಯಡ್ಕ ಹತ್ರದವ, 27 ವರ್ಷ. ಮೊದಲು ತೆಂಗಿನಕಾಯಿ ಕೊಯ್ಲಿಕ್ಕೆ, ಅಡಿಕೆಗೆ ಮದ್ದು ಬಿಡ್ಲಿಕ್ಕೆ ಹೋಗ್ತಿದ್ದೆ. ಈಗ ಮನೆ ಮೇಲೆ ಬಾಗಿದ ಮಾವು, ಹಲಸು, ಅಕೇಶಿಯಾ ಸವರುವ ಕಡಿಯುವ ಕೆಲಸವೇ ಜಾಸ್ತಿ ಸಿಗ್ತಾ ಉಂಟು. ನನ್ನ ಹತ್ರ ಇರುದು ಕತ್ತಿ, ಆನ್‌ಲೈನಲ್ಲಿ ತೆಗೊಂಡ 58 ಸಿಸಿ ಚೈನ್‌ಸಾ, ಪ್ಲಾಸ್ಟಿಕ್ ಹಗ್ಗ, ಮತ್ತೆ ಬಿಲ್ಡಿಂಗ್ ಕೆಲಸದವರ ಹಳದಿ ಬೆಲ್ಟು, ಅದು ಹಾಕುದು ಕಮ್ಮಿ. ಮಣಿಪಾಲದ ಒಂದು ಅಪಾರ್ಟ್‌ಮೆಂಟಿನವರು ಮಳೆಗಾಲಕ್ಕೆ ಮೊದಲು ಕಂಪೌಂಡಿನ ಮರ ಎಲ್ಲ ಸವರಿ ಕೊಡಿ ಅಂತ ಕರೆದ್ರು, ಆದ್ರೆ ಸೇಫ್ಟಿ ಎಂತ ಉಂಟು, ಸರ್ಟಿಫಿಕೇಟ್ ಉಂಟಾ, ಇನ್ಶೂರೆನ್ಸ್ ಉಂಟಾ ಅಂತ ಕೇಳಿದಾಗ ನಂಗೆ ಮಾತು ಬರ್ಲಿಲ್ಲ. ಊರಿನ ಹಳಬರು ಬೆಲ್ಟ್ ಕಟ್ಟಿದ್ರೆ ಮರ ಮುರಿಯುವಾಗ ಹಾರ್ಲಿಕ್ಕೆ ಆಗುದಿಲ್ಲ, ಅದ್ರಲ್ಲೇ ಸಿಕ್ಕಿ ಸಾಯ್ತಿ ಅಂತಾರೆ. ಕೈಯಲ್ಲಿ 50 ಸಾವಿರ ಉಂಟು. ಮೇಲೆ ಕೊಯ್ಲಿಕ್ಕೆ ಒಳ್ಳೆ ಕಂಪೆನಿಯ ಚಿಕ್ಕ ಸಾ ತೆಗೊಳ್ಳುದಾ, ಇಲ್ಲ ಬೆಲ್ಟು ಹಗ್ಗ ತೆಗೊಳ್ಳುದಾ?

ಉತ್ತರ:

ನೀವು ಕೇಳಿದ್ದು ಸಾ ತೆಗೊಳ್ಳುದಾ ಬೆಲ್ಟ್ ತೆಗೊಳ್ಳುದಾ ಅಂತ, ಆದ್ರೆ ಓದ್ತಾ ಹೋದ ಹಾಗೆ ನಂಗೆ ಕಂಡದ್ದು, ಈಗಿನ ರೀತಿಯಲ್ಲೇ ಹೋದ್ರೆ ಒಂದಿನ ಬೀಳ್ತೇನೆ ಅನ್ನುವ ಹೆದರಿಕೆ ಒಂದು ಕಡೆ, ಬೆಲ್ಟು ಹಗ್ಗದಂಥ ಸೇಫ್ಟಿ ಗೇರ್‌ಗೆ ದುಡ್ಡು ಹಾಕಿ ಕೆಲಸ ನಿಧಾನ ಆಗಿ ಗಿರಾಕಿ ಹೋದ್ರೆ ಎಂತ ಮಾಡುದು ಅನ್ನುವ ಹೆದರಿಕೆ ಇನ್ನೊಂದು ಕಡೆ. ಎರಡೂ ನ್ಯಾಯವಾದ ಹೆದರಿಕೆಯೇ. ಮತ್ತೆ ನೀವು ಬರೀದೆ ಬಿಟ್ಟ ಒಂದು ವಿಷಯ ಉಂಟು: ನೀವು ಮೇಲೆ ಇರುವಾಗ ಕೆಳಗೆ ಯಾರಿರ್ತಾರೆ? ಅವರಿಗೆ ಎಂತ ಗೊತ್ತುಂಟು? ಈ 50 ಸಾವಿರದ ಲೆಕ್ಕ ಆ ಕೆಳಗಿನ ಜನವನ್ನು ಬಿಟ್ಟು ಮಾಡ್ಲಿಕ್ಕೆ ಆಗುದೇ ಇಲ್ಲ ಅಂತ ನನ್ನ ಅಭಿಪ್ರಾಯ.

ಮೊದಲು ಆ ಹಾರುವ ಮಾತು. 40 ಅಡಿ ಮೇಲಿಂದ ಬಿದ್ರೆ ನೆಲ ಮುಟ್ಲಿಕ್ಕೆ ಒಂದೂವರೆ ಸೆಕೆಂಡು ಸಾಕು, ಮುಟ್ಟುವಾಗ ಸ್ಪೀಡು ಗಂಟೆಗೆ 55 ಕಿಲೋಮೀಟರ್ ಹತ್ರ ಇರ್ತದೆ. ಹಾರಿ ಬದುಕಿದವರ ಕಥೆ ನೀವೂ ಕೇಳಿರ್ತೀರಿ, ನಾನೂ ಕೇಳಿದ್ದೇನೆ, ಬದುಕದವರು ಬಂದು ಕಥೆ ಹೇಳುದಿಲ್ಲ ಅಷ್ಟೆ. ಆದ್ರೆ ಹಳಬರ ಮಾತಲ್ಲಿ ಸತ್ಯವೇ ಇಲ್ಲ ಅಂತ ನಾನು ಹೇಳುದಿಲ್ಲ. ಒಂದು ಕಡೆಗೆ ಜೋರು ಬಾಗಿದ ಕಾಂಡವನ್ನು ಹಿಂದಿನಿಂದ ಸುಮ್ನೆ ಕೊಯ್ತಾ ಹೋದ್ರೆ ಅದು ಅಡ್ಡಕ್ಕೆ ತುಂಡಾಗುವ ಮೊದಲೇ ಉದ್ದಕ್ಕೆ ಸೀಳ್ತದೆ, ಸೀಳಿದ ಭಾಗ ಅಗಲ ಆಗ್ತಾ ಮೇಲೇಳ್ತದೆ, ಆಗ ಆ ಕಾಂಡಕ್ಕೆ ಸುತ್ತು ಹಾಕಿ ಸೊಂಟಕ್ಕೆ ಕಟ್ಟಿಕೊಂಡವ ಇದ್ರೆ ಹಗ್ಗ ಬಿಗಿಯಾಗಿ ಅವನನ್ನು ಮರಕ್ಕೇ ಒತ್ತಿ ಹಿಂಡ್ತದೆ. ಹಳಬರು ಎಲ್ಲೋ ಇದನ್ನೇ ನೋಡಿದ್ದಿರಬೇಕು. ಆದ್ರೆ ಅದಕ್ಕೆ ಪರಿಹಾರ ಬೆಲ್ಟ್ ಬಿಚ್ಚುದು ಅಲ್ಲ. ಮುಖ್ಯ ಹಗ್ಗ ಕೊಯ್ಯುವ ಕಾಂಡಕ್ಕೆ ಇರಬಾರದು, ಅದರ ಪಕ್ಕದ ಗಟ್ಟಿ ಕವಲಿಗೋ ಪಕ್ಕದ ಮರಕ್ಕೋ ಇರಬೇಕು, ಮತ್ತೆ ಬಾಗಿದ ಕಾಂಡವನ್ನು ಒಂದೇ ಸಲ ಕಡಿಯದೆ ತುದಿಯ ಭಾರ ಚೂರು ಚೂರು ಕಮ್ಮಿ ಮಾಡ್ತಾ ಬರಬೇಕು.

ಇನ್ನು ಬುಡ ಸಮೇತ ಮಗುಚುವ ಮರ ಅಂದ್ರೆ ಅದು ಹತ್ತಲೇಬಾರದ ಮರ. ನಮ್ಮ ಕಡೆ ಇದು ಜಾಸ್ತಿ ಆಗ್ಲಿಕ್ಕೆ ಕಾರಣ ಉಂಟು. ಅಡಿಯಲ್ಲಿ ಮುರಕಲ್ಲು, ಬೇರು ಆಳಕ್ಕೆ ಹೋಗ್ಲಿಕ್ಕೆ ಆಗದೆ ಅಗಲಕ್ಕೆ ಹರಡಿರ್ತದೆ, ರಸ್ತೆ ಅಗಲ ಮಾಡ್ಲಿಕ್ಕೋ ಕಂಪೌಂಡ್ ಕಟ್ಟಲಿಕ್ಕೋ ಜೆಸಿಬಿ ಬಂದು ಒಂದು ಬದಿಯ ಬೇರನ್ನು ಪೂರಾ ಕತ್ತರಿಸಿ ಹೋಗ್ತದೆ, ಎರಡು ಮೂರು ವರ್ಷ ಮರ ಹಸಿರಾಗೇ ನಿಂತಿರ್ತದೆ, ಆಮೇಲೆ ಒಂದು ಜೂನ್ ತಿಂಗಳ ಗಾಳಿಗೆ ಮಗುಚ್ತದೆ. ಹಾಗಾಗಿ ಮರದ ಮೇಲ್ಗಡೆ ನೋಡುವ ಮೊದಲು ಬುಡಕ್ಕೆ ಒಂದು ಸುತ್ತು ಬನ್ನಿ. ಮಣ್ಣು ಬಿರುಕು ಬಿಟ್ಟಿದೆಯಾ, ಬುಡದಲ್ಲಿ ಗಟ್ಟಿ ಅಣಬೆ ತಟ್ಟೆ ತಟ್ಟೆಯಾಗಿ ಎದ್ದಿದೆಯಾ, ಕತ್ತಿಯ ಹಿಂಬದಿಯಲ್ಲಿ ಕಾಂಡಕ್ಕೆ ಬಡಿದ್ರೆ ಟೊಳ್ಳು ಶಬ್ದ ಬರ್ತದಾ ನೋಡಿ. ಡೌಟ್ ಬಂದ್ರೆ ಕ್ರೇನೋ ಬಕೆಟ್ ಇರುವ ಗಾಡಿಯೋ ತರಿಸಬೇಕು, ಅದರ ಬಾಡಿಗೆ ಮನೆಯವರು ಕೊಡಬೇಕು, ಕೊಡುದಿಲ್ಲ ಅಂದ್ರೆ ಕೆಲಸ ಬಿಡಬೇಕು. ಗುಲ್‌ಮೊಹರ್, ಅಕೇಶಿಯಾ ಇವೆಲ್ಲ ಹಸಿ ಇರುವಾಗಲೂ ಪಟ್ಟಂತ ಮುರಿಯುವ ಜಾತಿ, ಹಲಸು ನಂಬಿದ ಹಾಗೆ ಅದನ್ನು ನಂಬಬೇಡಿ.

ಈಗ ನಿಮ್ಮ ಹಳದಿ ಬೆಲ್ಟಿಗೆ ಬರ್ತೇನೆ. ಭಾರತದ ಸ್ಟ್ಯಾಂಡರ್ಡ್ ಐಎಸ್ 3521 ಮಾರ್ಕ್ ಇರುವ ಒಳ್ಳೆ ಫುಲ್ ಬಾಡಿ ಹಾರ್ನೆಸ್ ಕಳಪೆ ವಸ್ತು ಅಲ್ಲ, ಅದರ ಉದ್ದೇಶ ಬೇರೆ. ಅದು ಬಿದ್ದವನನ್ನು ಹಿಡೀಲಿಕ್ಕೆ ಇರುದು, ರಿಂಗು ಬೆನ್ನ ಹಿಂದೆ ಇರ್ತದೆ, ಶಾಕ್ ಅಬ್ಸಾರ್ಬರ್ ಬಿಚ್ಚಿಕೊಂಡು ನೀವು ನಿಲ್ಲುವಷ್ಟರಲ್ಲಿ ಐದಾರು ಮೀಟರ್ ಖಾಲಿ ಜಾಗ ಕೆಳಗೆ ಬೇಕು. ಮಾವಿನ ಮರದೊಳಗೆ ಎಲ್ಲುಂಟು ಅಷ್ಟು ಖಾಲಿ ಜಾಗ? ಅಷ್ಟರಲ್ಲಿ ಎರಡು ಕೊಂಬೆಗೆ ಬಡಿದಿರ್ತೀರಿ. ಮತ್ತೆ ಬೆನ್ನಿಂದ ನೇತಾಡುವವನಿಗೆ ತಿರುಗಿ ಮರ ಹಿಡ್ಕೊಳ್ಳಿಕ್ಕೂ ಆಗುದಿಲ್ಲ. ಮರದ ಕೆಲಸಕ್ಕೆ ಬೇಕಾದ್ದು ಕೂತು ಕೆಲಸ ಮಾಡುವ ಹಾರ್ನೆಸ್, ಸೊಂಟಕ್ಕೆ ತೊಡೆಗೆ ಅಗಲ ಪಟ್ಟಿ, ಹೊಕ್ಕುಳ ಮುಂದೆ ಹಗ್ಗ ಸಿಕ್ಕಿಸುವ ಒಂದು ಜಾಗ, ಎರಡು ಪಕ್ಕದಲ್ಲಿ ಎರಡು ರಿಂಗು. ಲೇಬಲಲ್ಲಿ ಯುರೋಪಿನ ಸ್ಟ್ಯಾಂಡರ್ಡ್ ಇಎನ್ 813 ಮತ್ತು ಇಎನ್ 358 ಎರಡೂ ನಂಬರ್ ಇರಬೇಕು. ಇದರಲ್ಲಿ ಐಡಿಯಾವೇ ಬೇರೆ: ಬಿದ್ದ ಮೇಲೆ ಹಿಡಿಯುದಲ್ಲ, ಬೀಳ್ಲಿಕ್ಕೆ ಸಡಿಲವೇ ಕೊಡದೆ ಯಾವಾಗಲೂ ಹಗ್ಗದ ಮೇಲೆಯೇ ಭಾರ ಬಿಟ್ಟು ಕೂತಿರುದು. ಒಂದು ತಿಂಗಳು ಅಭ್ಯಾಸ ಆದ್ರೆ ಕೆಲಸ ನಿಧಾನ ಆಗುದಿಲ್ಲ, ಬೇಗವೇ ಆಗ್ತದೆ, ಯಾಕಂದ್ರೆ ಎರಡೂ ಕೈ ಖಾಲಿ ಸಿಗ್ತದೆ, ಕೊಂಬೆಯ ತುದಿವರೆಗೆ ಧೈರ್ಯವಾಗಿ ಹೋಗ್ಲಿಕ್ಕೆ ಆಗ್ತದೆ. ಈ ಮಾತು ಕೇಳಿದ್ರೆ ಯಾರೂ ನಂಬುದಿಲ್ಲ, ಮಾಡಿದವರು ಮಾತ್ರ ವಾಪಸ್ ಬರಿ ಕೈಯಲ್ಲಿ ಹತ್ಲಿಕ್ಕೆ ಹೋಗುದಿಲ್ಲ.

ಹಗ್ಗದಲ್ಲಿ ಉಳಿತಾಯ ಮಾಡಬೇಡಿ ಮಾರಾಯ್ರೆ. ಬಂದರಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿ ಪುಡಿ ಆಗ್ತದೆ, ಮತ್ತೆ ಉಜ್ಜಿದ ಬಿಸಿಗೆ ಕರಗ್ತದೆ. ಪಾಲಿಪ್ರೊಪಿಲಿನ್ 165 ಡಿಗ್ರಿ ಆಸುಪಾಸಿಗೇ ಕರಗುವ ವಸ್ತು, ಭಾರ ಹೊತ್ತ ಹಗ್ಗ ಹಗ್ಗದ ಮೇಲೆ ಓಡಿದ್ರೆ ಆ ಬಿಸಿ ಬರ್ಲಿಕ್ಕೆ ತುಂಬ ಹೊತ್ತು ಬೇಡ. ಹತ್ಲಿಕ್ಕೆ ಇಎನ್ 1891 ಟೈಪ್ ಎ ಅಂತ ಬರೆದ, 11 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ ಹಗ್ಗ ತೆಗೊಳ್ಳಿ, ಅದು ಕಮ್ಮಿ ಅಂದ್ರೂ 22 ಕಿಲೋನ್ಯೂಟನ್, ಅಂದ್ರೆ ಎರಡು ಟನ್ನಿಗಿಂತ ಜಾಸ್ತಿ ತಡೀತದೆ. ಮನುಷ್ಯ ಹತ್ತುವ ಹಗ್ಗದಲ್ಲಿ ಕೊಂಬೆ ಇಳಿಸಬಾರದು, ಕೊಂಬೆ ಇಳಿಸಿದ ಹಗ್ಗದಲ್ಲಿ ಮನುಷ್ಯ ಹತ್ತಬಾರದು, ಬಣ್ಣವೇ ಬೇರೆ ಇಟ್ಕೊಳ್ಳಿ. ಮತ್ತೆ ಚೈನ್‌ಸಾ ಇರುವ ಗೋಣಿಯಲ್ಲೇ ಹಗ್ಗ ತುಂಬುದು ನಮ್ಮವರಿಗೆ ಅಭ್ಯಾಸ. ಪೆಟ್ರೋಲು ಆಯಿಲು ಕುಡಿದ ಹಗ್ಗದ ಒಳಗೆ ಎಂತ ಆಗಿದೆ ಅಂತ ಹೊರಗಿಂದ ಕಾಣುದಿಲ್ಲ, ಹಾಗಾಗಿ ಹಗ್ಗಕ್ಕೆ ಬೇರೆಯೇ ಚೀಲ. ವಾರಕ್ಕೊಮ್ಮೆ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಬೆರಳಲ್ಲಿ ಎಳೆದು ನೋಡಿ, ಎಲ್ಲಿಯಾದ್ರೂ ಒಳಗೆ ಮೆತ್ತಗೆ, ಗಂಟು ಗಂಟು ಅಥವಾ ಸಪೂರ ಸಿಕ್ಕಿದ್ರೆ ಅಲ್ಲಿಗೆ ಕಡಿದು ಬೇರೆ ಕೆಲಸಕ್ಕೆ ಹಾಕಿ.

ಇನ್ನು ಸಾ. 58 ಸಿಸಿ ಅಂದ್ರೆ ಪೆಟ್ರೋಲು ಆಯಿಲು, ಚೈನ್ ಓಡುವ ಉದ್ದ ಪಟ್ಟಿ ಅಂದ್ರೆ ಬಾರ್, ಎಲ್ಲ ಸೇರಿ ಆರೇಳು ಕಿಲೋ, ಅದು ನೆಲದಲ್ಲಿ ನಿಂತು ಕೊಯ್ಲಿಕ್ಕೆ ಇರುವ ಮೆಷಿನ್. ಅದನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಕೊಂಬೆ ತಬ್ಬಿ ಕೊಯ್ಯುವ ವಿಡಿಯೋ ಎಲ್ಲ ನೀವು ನೋಡಿರ್ತೀರಿ. ಬಾರಿನ ಮೂತಿಯ ಮೇಲ್ಭಾಗ ಯಾವುದಾದ್ರೂ ಕೊಂಬೆಗೆ ತಾಗಿದ್ರೆ ಸಾ ಪೂರಾ ನಿಮ್ಮ ಮುಖದ ಕಡೆಗೆ ಎಗರ್ತದೆ, ಕಿಕ್‌ಬ್ಯಾಕ್ ಅಂತಾರಲ್ಲ ಅದೇ, ಅದರ ವೇಗಕ್ಕೆ ನಮ್ಮ ಕೈ ಕಣ್ಣು ಯಾವುದೂ ಎಟಕುದಿಲ್ಲ. ಆಗ ಉಳಿಸುದು ಎರಡೇ: ಮುಂದಿನ ಹಿಡಿಯಲ್ಲಿ ಹೆಬ್ಬೆರಳು ಸುತ್ತಿ ಹಿಡಿದ ಎಡಗೈ, ಮತ್ತೆ ಸರಿಯಾಗಿ ಕೆಲಸ ಮಾಡುವ ಚೈನ್ ಬ್ರೇಕ್. ಒಂದು ಕೈಯಲ್ಲಿ ಹಿಡಿದವನಿಗೆ ಮೊದಲನೆಯದ್ದು ಇಲ್ಲ, ಸಾವಿರಾರು ರೂಪಾಯಿ ಕಮ್ಮಿಗೆ ಸಿಕ್ಕಿದ ಸಾದಲ್ಲಿ ಎರಡನೆಯದ್ದರ ಗ್ಯಾರಂಟಿ ಇಲ್ಲ. ಸ್ಟಿಲ್, ಹಸ್ಕ್‌ವರ್ನಾ ಕಂಪೆನಿಗಳ ಮೇಲೆ ಹಿಡಿ ಇರುವ ಚಿಕ್ಕ ಸಾ ಮೂರುವರೆ ನಾಲ್ಕು ಕಿಲೋ ಅಷ್ಟೆ, ಒಳ್ಳೆ ಮೆಷಿನ್, ಆದ್ರೆ ಹಗುರ ಇರುದಕ್ಕೇ ಒಂದು ಕೈಯಲ್ಲಿ ಹಿಡಿಯುವ ಆಸೆ ಆಗ್ತದೆ. ಕಂಪೆನಿಯವರೇ ಇದು ಟ್ರೇನಿಂಗ್ ಆದ ಮರಗೆಲಸದವರಿಗೆ ಮಾತ್ರ, ಎರಡು ಕೈಯಲ್ಲಿ ಹಿಡಿಯಿರಿ ಅಂತ ಬರೆದಿರ್ತಾರೆ. ಮೇಲೆ ಸಾ ಸ್ಟಾರ್ಟ್ ಮಾಡುವ ಮೊದಲು ಎರಡು ಕಡೆ ಕಟ್ಟಿಕೊಂಡಿರಬೇಕು, ಮೇಲಿನ ಮುಖ್ಯ ಹಗ್ಗ ಒಂದು, ಸೊಂಟದಿಂದ ಮರಕ್ಕೆ ಸುತ್ತುವ ಗಿಡ್ಡ ಹಗ್ಗ, ಲ್ಯಾನ್ಯಾರ್ಡ್ ಅಂತಾರಲ್ಲ, ಅದು ಇನ್ನೊಂದು, ಒಂದನ್ನು ಸಾ ಕೊಯ್ದ್ರೂ ಇನ್ನೊಂದು ಇರ್ಬೇಕು ಅಂತ ಲೆಕ್ಕ.

ನಿಜ ಹೇಳಬೇಕಂದ್ರೆ ಸವರುವ ಕೆಲಸದ ಮುಕ್ಕಾಲು ಪಾಲಿಗೆ ಮೇಲೆ ಚೈನ್‌ಸಾ ಬೇಕಾಗಿಯೇ ಇಲ್ಲ. ಸಿಲ್ಕಿ ಕಂಪೆನಿಯದ್ದೋ ಅಂಥದ್ದೇ ಬೇರೆ ಯಾವುದೋ ಬಾಗಿದ ಕೈಗರಗಸ ಬರ್ತದೆ, ಎಳೆಯುವಾಗ ಮಾತ್ರ ಕೊಯ್ತದೆ, ನಾಲ್ಕು ಇಂಚಿನ ಮಾವಿನ ಕೊಂಬೆಯನ್ನು ಬೆಣ್ಣೆ ಹಾಗೆ ಕೊಯ್ತದೆ. ಶಬ್ದ ಇಲ್ಲ, ಕೆಳಗಿನವನ ಕೂಗು ಕೇಳ್ತದೆ. ನಿಮ್ಮ 50 ಸಾವಿರದಲ್ಲಿ ಅತಿ ಲಾಭದ ಖರೀದಿ ಅದೇ ಆಗಬಹುದು.

ಈಗ ಕೆಳಗಿನವರ ವಿಷಯ. ನೀವು ಎಲ್ಲ ಸರಿಯಾಗಿ ಕಟ್ಟಿಕೊಂಡು ಹತ್ತಿದ್ರಿ ಅಂತಿಟ್ಟುಕೊಳ್ಳಿ, ಕಣಜದ ಗೂಡು ಕದಡಿತು, ಅಥವಾ ಕೈ ಕೊಯ್ದು ರಕ್ತ ಹೋಗ್ತಾ ಉಂಟು, ಅಥವಾ ಏಪ್ರಿಲ್ ಬಿಸಿಲಿಗೆ ತಲೆ ತಿರುಗಿತು. ಬೆಲ್ಟ್ ನಿಮ್ಮನ್ನು ಬೀಳ್ಲಿಕ್ಕೆ ಬಿಡ್ಲಿಲ್ಲ, ಸರಿ. ಆದ್ರೆ ಪ್ರಜ್ಞೆ ತಪ್ಪಿ ಅಲುಗಾಡದೆ ನೇತಾಡಿದ್ರೆ ರಕ್ತ ಕಾಲಿನ ಕಡೆಗೇ ನಿಂತು ಕೆಲವೇ ನಿಮಿಷದಲ್ಲಿ ಜೀವಕ್ಕೆ ಅಪಾಯ ಆಗಬಹುದು. 108ಕ್ಕೆ ಫೋನ್ ಮಾಡಿದ್ರೆ ಆಂಬುಲೆನ್ಸ್ ಬರ್ತದೆ, ಮರದ ಕೆಳಗೆ ಬಂದು ನಿಲ್ತದೆ. ಇಳಿಸುದು ಯಾರು? ಹಳಬರ ಮಾತಿನ ನಿಜವಾದ ಅಪಾಯ ಇಲ್ಲಿರುದು. ಹಾಗಾಗಿ ಇಬ್ಬರು ಹತ್ತುವವರು ಇರುದೇ ಸರಿಯಾದ ಪದ್ಧತಿ, ಕೆಳಗಿನವನಿಗೂ ಒಂದು ಹಾರ್ನೆಸ್, ಮರದಲ್ಲಿ ಅವನಿಗಾಗಿ ಮೊದಲೇ ಹಾಕಿಟ್ಟ ಎರಡನೇ ಹಗ್ಗ.

ಅದು ಈಗಲೇ ಆಗುದಿಲ್ಲ ಅಂದ್ರೆ ಇನ್ನೊಂದು ದಾರಿ ಉಂಟು. ನೀವು ಹತ್ತುವ ಹಗ್ಗವನ್ನು ಮೇಲಿನ ಗಟ್ಟಿ ಕವಲಿನಲ್ಲಿ ಹಾಯಿಸಿ ಇನ್ನೊಂದು ತುದಿಯನ್ನು ಬುಡದಲ್ಲಿ ಫಿಗರ್ ಎಯ್ಟ್ ಅಂತ ಬರುವ 8ರ ಆಕಾರದ ಲೋಹದ ಬಳೆಗೆ ಸುತ್ತಿ ಜಾರದ ಹಾಗೆ ಕಟ್ಟಿ ಇಡುದು, ಏನಾದ್ರೂ ಆದ್ರೆ ಕೆಳಗಿನವ ಆ ಕಟ್ಟು ಬಿಚ್ಚಿ ನಿಧಾನ ಬಿಡ್ತಾ ನಿಮ್ಮನ್ನು ನೆಲಕ್ಕೆ ಇಳಿಸ್ತಾನೆ, ಅವನು ಹತ್ತಬೇಕೂಂತ ಇಲ್ಲ. ಇದಕ್ಕೆ ಹಗ್ಗ ಉದ್ದ ಬೇಕು, 40 ಅಡಿಯ ಕವಲಾದ್ರೆ 120 ಅಡಿಯಾದ್ರೂ ಬೇಕು. ಮತ್ತೆ ಎರಡು ಎಚ್ಚರಿಕೆ. ಹೀಗೆ ಹಾಯಿಸಿದ್ರೆ ಕವಲಿನ ಮೇಲೆ ನಿಮ್ಮ ತೂಕದ ಹತ್ರತ್ರ ಡಬಲ್ ಭಾರ ಬೀಳ್ತದೆ, ಹಾಗಾಗಿ ಕವಲು ಸಂಶಯ ಇಲ್ಲದ್ದಾಗಿರಬೇಕು. ಬುಡದ ಹಗ್ಗ ಕೊಂಬೆ ಬೀಳುವ ಬದಿಯಲ್ಲಿ ಇರಬಾರದು, ಯಾರೂ ಅದರ ಹತ್ರ ಕತ್ತಿ ಬೀಸಬಾರದು. ಕೆಲಸ ಇಲ್ಲದ ದಿನ ಹತ್ತಡಿ ಎತ್ತರದಲ್ಲಿ ನೀವು ಪ್ರಜ್ಞೆ ತಪ್ಪಿದವನ ಹಾಗೆ ನೇತಾಡಿ, ಅವನು ಇಳಿಸ್ಲಿ. ಮೊದಲ ಸಲ ಅವನ ಕೈ ನಡುಗ್ತದೆ, ಅದು ನೆಲದ ಹತ್ರವೇ ನಡುಗಿ ಮುಗೀಲಿ.

ಹೆಲ್ಮೆಟ್ ಬಗ್ಗೆ ಒಂದೇ ಮಾತು, ಗಲ್ಲದ ಪಟ್ಟಿ ಇಲ್ಲದ ಸೈಟ್ ಹೆಲ್ಮೆಟ್ ನೀವು ಬಗ್ಗುವ ಮೊದಲೇ ಕೆಳಗೆ ಹೋಗಿರ್ತದೆ, ಬೆಟ್ಟ ಹತ್ತುವವರದ್ದು ಇಎನ್ 12492 ಅಂತ ಬರ್ತದೆ, ಅದರ ಪಟ್ಟಿ ಸುಲಭಕ್ಕೆ ಬಿಚ್ಚುದಿಲ್ಲ. ಚೈನ್‌ಸಾ ಪ್ಯಾಂಟ್ ಮಾತ್ರ ಸ್ವಲ್ಪ ವಿವರಿಸಬೇಕು, ಯಾಕಂದ್ರೆ ದಪ್ಪ ಜೀನ್ಸ್ ಸಾಕು ಅಂತ ಎಲ್ಲರೂ ಹೇಳ್ತಾರೆ. ಜೀನ್ಸನ್ನು ಚೈನು ಕಾಗದದ ಹಾಗೆ ಹರೀತದೆ. ಆ ಪ್ಯಾಂಟಿನ ಒಳಗೆ ಉದ್ದುದ್ದ ನೂಲಿನ ಪದರ ಪದರ ಇರ್ತದೆ, ಮೇಲಿನ ಬಟ್ಟೆ ಹರಿದ ಕೂಡ್ಲೇ ಆ ನೂಲು ಚೈನಿಗೆ ಸುತ್ತಿ ಒಳಗಿನ ಹಲ್ಲುಚಕ್ರಕ್ಕೆ ಹೋಗಿ ಅದನ್ನು ಕಟ್ಟಿ ಹಾಕ್ತದೆ. ಕ್ಲಾಸ್ 1 ಅಂದ್ರೆ ಸೆಕೆಂಡಿಗೆ 20 ಮೀಟರ್ ಓಡುವ ಚೈನಿಗೆ ಟೆಸ್ಟ್ ಆದದ್ದು. ಒಮ್ಮೆ ಚೈನ್ ತಾಗಿದ್ರೆ ಆ ಪ್ಯಾಂಟಿನ ಆಯುಷ್ಯ ಮುಗೀತು, ಹೊಲಿಸಿ ಹಾಕಬೇಡಿ. ನಮ್ಮ ಸೆಕೆಗೆ ಅದು ದೊಡ್ಡ ಹಿಂಸೆ, ಅದನ್ನು ನಾನು ಒಪ್ತೇನೆ. ಎದುರು ಭಾಗ ಮಾತ್ರ ಪದರ ಇರುವ ಟೈಪ್ ಎ ತೆಗೊಳ್ಳಿ, ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಹನ್ನೊಂದಕ್ಕೆ ಸಾ ಬದಿಗಿಡಿ.

ಹಾಗಾದ್ರೆ 50 ಸಾವಿರ? ಚಿಕ್ಕ ಸಾ ಮೊದಲು ತೆಗೊಂಡ್ರೆ ಕೆಲಸ ಬೇಗ ಆಗ್ತದೆ, ಆದ್ರೆ ಪ್ಲಾಸ್ಟಿಕ್ ಹಗ್ಗದಲ್ಲಿ ನಿಂತವನ ಕೈಗೆ ಇನ್ನೂ ಚುರುಕಾದ ಸಾ ಬಂದ ಹಾಗೆ, ನಾನಂತೂ ಬೇಡ ಅಂತೇನೆ. ಎರಡನೇ ದಾರಿ, ಹಾರ್ನೆಸ್, ಹಗ್ಗ, ಲ್ಯಾನ್ಯಾರ್ಡ್, ತಾನೇ ಲಾಕ್ ಆಗುವ ಕ್ಯಾರಬೈನರ್ ಕೊಂಡಿ, ಎರಡು ಹೆಲ್ಮೆಟ್, ಕೈಗರಗಸ, ಫಿಗರ್ ಎಯ್ಟ್, ಇಷ್ಟಕ್ಕೆ ನಿಮ್ಮ ದುಡ್ಡು ಹೆಚ್ಚುಕಮ್ಮಿ ಮುಗೀತದೆ, 58 ಸಿಸಿ ಸಾ ನೆಲದಲ್ಲೇ ಇರ್ಲಿ. ದೊಡ್ಡ ಕೊಂಬೆಯ ಕೆಲಸ ಒಂದು ಸೀಸನ್ ಕೈ ತಪ್ಪಬಹುದು, ಅದು ಇದರ ನಷ್ಟ. ಮೂರನೆಯದ್ದು, ಗೇರ್ ಇರುವ ತಂಡದ ಜೊತೆ ಒಂದು ಬೇಸಿಗೆ ಕೂಲಿಗೆ ಹೋಗುದು, ದುಡ್ಡು ಖರ್ಚಾಗುದಿಲ್ಲ, ಕಲೀಲಿಕ್ಕೆ ಸಿಗ್ತದೆ, ಆದ್ರೆ ನಿಮ್ಮ ಗಿರಾಕಿ ಬೇರೆಯವರ ಕೈಗೆ ಹೋಗ್ಲಿಕ್ಕೂ ಸಾಕು. ನಿಮ್ಮ ವಯಸ್ಸಿಗೆ ನಾನು ಎರಡನೆಯದ್ದು ಮತ್ತು ಮೂರನೆಯದ್ದು ಸೇರಿಸಿ ಮಾಡಿ ಅಂತೇನೆ.

ಅಪಾರ್ಟ್‌ಮೆಂಟಿನವರಿಗೆ ಹೇಳ್ಲಿಕ್ಕೆ: ನಮ್ಮಲ್ಲಿ ಮರ ಹತ್ತುವವರಿಗೆ ಅಂತ ಸರ್ಕಾರಿ ಲೈಸೆನ್ಸ್ ಇಲ್ಲ. ಅಮೆರಿಕದ ಐಎಸ್‌ಎ ಸಂಸ್ಥೆ ಕೊಡುವ ಆರ್ಬರಿಸ್ಟ್ ಅಂದ್ರೆ ಮರದ ಆರೈಕೆ ತಜ್ಞ ಅನ್ನುವ ಸರ್ಟಿಫಿಕೇಟಿಗೆ ಸಾಮಾನ್ಯವಾಗಿ ಮೂರು ವರ್ಷದ ಅನುಭವ, ಮತ್ತೆ ಪರೀಕ್ಷೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೆಂಗಿನ ಮರ ಹತ್ತುವ ಟ್ರೇನಿಂಗ್ ಮುಂದೆ ಯಾವಾಗ ಅಂತ ಕೇಳಿಡಿ, ಅದು ಹಲಸಿನ ಮರದ ಕೆಲಸಕ್ಕೆ ಸಾಕಾಗುದಿಲ್ಲ ಆದ್ರೂ ಒಂದು ಕಾಗದ. ಇನ್ಶೂರೆನ್ಸಲ್ಲಿ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ತೆಂಗಿನ ಮರದವರಿಗೆ ಇರುದು, ಚೈನ್‌ಸಾ ಕೆಲಸಕ್ಕೆ ಅದು ಬರ್ತದೆ ಅಂತ ನಂಬಿ ಕೂರಬೇಡಿ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದ್ರೆ 2 ಲಕ್ಷ, ನಿಮಗೂ ಕೆಳಗಿನವನಿಗೂ ಇವತ್ತೇ ಮಾಡಿಸಿ. ಅದರ ಮೇಲೆ ಒಂದು ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ, ಫಾರ್ಮಲ್ಲಿ ಕೆಲಸ ಎಂತ ಅಂತ ಸುಳ್ಳು ಬರೆಯದೆ.

ಪರ್ಮಿಷನ್ ವಿಷಯ ಅವರಿಗೆ ನೀವೇ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯುದು ಅಂದ್ರೆ ಬುಡಕ್ಕೆ ಕೊಯ್ಯುದು ಮಾತ್ರ ಅಲ್ಲ, ಕೊಂಬೆ ಸವರುದು ತಲೆ ಕಡಿಯುದೂ ಅದ್ರಲ್ಲೇ ಬರ್ತದೆ. ತೆಂಗು, ರಬ್ಬರ್, ಗಾಳಿಮರ, ಸಿಲ್ವರ್ ಓಕ್ ಅಂಥ ಕೆಲವಕ್ಕೆ ವಿನಾಯ್ತಿ ಉಂಟು, ಮಾವು ಹಲಸು ನೋಡುವಾಗ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಕಾಗದ ಮೊದಲು ಕೈಗೆ ಬರ್ಲಿ. ಕರೆಂಟ್ ಲೈನ್ ಹತ್ರ ಇದ್ರೆ ಕರೆಂಟ್ ಕಂಪೆನಿ ಮೆಸ್ಕಾಂಗೆ ಅರ್ಜಿ ಕೊಟ್ಟು ಲೈನ್ ಆಫ್ ಮಾಡಿಸಿ ಅರ್ತ್ ಹಾಕಿಸಿದ ಮೇಲೆಯೇ ಕೆಲಸ, ಫೋನಲ್ಲಿ ಆಫ್ ಮಾಡಿದ್ದೇವೆ ಅಂದದ್ದಕ್ಕೆ ಹತ್ತಬೇಡಿ, ಯಾರದ್ದೋ ಜನರೇಟರಿನಿಂದ ವಾಪಸ್ ಕರೆಂಟ್ ಬರ್ಲಿಕ್ಕೂ ಸಾಕು. ಅಮೆರಿಕದ ಮರಗೆಲಸದ ಸ್ಟ್ಯಾಂಡರ್ಡಲ್ಲಿ ವಿದ್ಯುತ್ ಟ್ರೇನಿಂಗ್ ಆಗದವರು ಇಂಥ ಲೈನಿಂದ 10 ಅಡಿ ದೂರ ಅಂತ ಉಂಟು, ಅದನ್ನೇ ನಿಮ್ಮ ನಿಯಮ ಮಾಡ್ಕೊಳ್ಳಿ. ನೀವು ಅಡಿಕೆ ಕೆಲಸದಿಂದ ಬಂದವರು, ಕಾರ್ಬನ್ ಫೈಬರ್ ದೋಟಿ ಹಗುರ ಅಂತ ಕೊಂಬೆ ಎಳೀಲಿಕ್ಕೆ ತರ್ತೀರಿ. ಅದು ಕರೆಂಟ್ ಹರಿಸುವ ವಸ್ತು, ಲೈನ್ ಇರುವ ಕಂಪೌಂಡಿಗೆ ಅದನ್ನು ತರಲೇಬೇಡಿ.

ಸವರುವಾಗ ಅವರು ಬೋಳಿಸಿ ಬಿಡಿ ಅಂತಾರೆ, ಎಲ್ಲರೂ ಹಾಗೇ ಹೇಳುದು. ತಲೆ ಬೋಳಿಸಿದ ಮರ ವರ್ಷದೊಳಗೆ ನೂರಾರು ಚಿಗುರು ಬಿಡ್ತದೆ, ಆ ಚಿಗುರು ತೊಗಟೆಗೆ ಅಂಟಿದ ಹಾಗೆ ಇರ್ತದೆ ಅಷ್ಟೆ, ಕೊಯ್ದ ಜಾಗ ಒಳಗೆ ಕೊಳೀತದೆ, ನಾಲ್ಕೈದು ವರ್ಷಕ್ಕೆ ಅದೇ ಕಾರಿನ ಮೇಲೆ ಬೀಳ್ತದೆ. ಒಣಗಿದ್ದು, ಸೀಳಿದ್ದು, ಮಾಡಿಗೆ ತಾಗುದು ತೆಗೀರಿ. ದೊಡ್ಡ ಕೊಂಬೆಗೆ ಮೊದಲು ಕೆಳಗಿಂದ ಒಂದು ಕೊಯ್ತ, ಸ್ವಲ್ಪ ಆಚೆ ಮೇಲಿಂದ ಇನ್ನೊಂದು, ಭಾರ ಹೋದ ಮೇಲೆ ಬುಡದ ಉಬ್ಬಿದ ಕಾಲರ್ ಉಳಿಸಿ ಹೊರಗಿಂದ ಕಡೇದ್ದು. ಆ ಕಾಲರನ್ನೇ ಕೊಯ್ದು ನುಣ್ಣಗೆ ಮಾಡಿ ತಾರು ಬಳಿಯುದು ಚಂದ ಕಾಣ್ತದೆ, ಆದ್ರೆ ಮರಕ್ಕೆ ಗಾಯ ಮುಚ್ಲಿಕ್ಕೆ ಬೇಕಾದ್ದೇ ಆ ಉಬ್ಬು. ಅಲೆಕ್ಸ್ ಶೈಗೊ ಅಂತ ಅಮೆರಿಕದ ಮರ ವಿಜ್ಞಾನಿ ಸಾವಿರಾರು ಮರ ಸೀಳಿ ನೋಡಿ ದಶಕಗಳ ಹಿಂದೆಯೇ ಇದನ್ನು ತೋರಿಸಿಕೊಟ್ಟಿದ್ದಾರೆ. ಮುಳ್ಳು ಶೂ ಹಾಕಿ ಹತ್ತುದೂ ಕಡಿದು ತೆಗೆಯುವ ಮರಕ್ಕೆ ಮಾತ್ರ, ಉಳಿಸುವ ಮರಕ್ಕೆ ಅಲ್ಲ.

ಕೆಲಸ ಎಲ್ಲ ತುಳುವರ ಪತ್ತನಾಜೆ, ಅಂದ್ರೆ ಮೇ ಕಡೇ ವಾರದೊಳಗೆ ಮುಗಿಯುವ ಹಾಗೆ ಡೇಟ್ ಕೊಡಿ. ಅದರ ನಂತರ ತೊಗಟೆಯಲ್ಲಿ ಪಾಚಿ ಬರ್ತದೆ, ಗೇರ್ ಒಣಗುದಿಲ್ಲ, ಮತ್ತೆ ಗಾಳಿಗೆ ಬಿದ್ದ ಮರದ ಫೋನು ಶುರು ಆಗ್ತದೆ. ದುಡ್ಡು ಡಬಲ್ ಕೊಡ್ತಾರೆ, ಗೊತ್ತುಂಟು. ಆದ್ರೆ ಬಿದ್ದು ಇನ್ನೊಂದರ ಮೇಲೆ ಒರಗಿದ ಮರದಲ್ಲಿ ಯಾವ ಕೊಂಬೆ ಯಾವ ಕಡೆ ಎಳೀತಾ ಉಂಟು ಅಂತ ನೋಡಿ ಹೇಳುದು ಹಳೇ ಕೆಲಸಗಾರರಿಗೂ ಕಷ್ಟ, ಬುಡದ ಹತ್ರ ಕೊಯ್ದ ಕೂಡ್ಲೇ ಬೇರಿನ ಗುಡ್ಡೆ ವಾಪಸ್ ಗುಂಡಿಗೆ ಕೂತು ಅಲ್ಲಿ ನಿಂತವನನ್ನು ಒಳಗೆ ಹಾಕಿದ್ದೂ ಉಂಟು. ಈ ವರ್ಷ ಅಂಥ ಫೋನ್ ಬಂದ್ರೆ ಗೇರ್ ಇರುವ ತಂಡಕ್ಕೆ ದಾಟಿಸಿ, ನೀವು ಅವರ ಜೊತೆ ಹೋಗಿ ಕೆಳಗಿನ ಹಗ್ಗ ಹಿಡಿಯಿರಿ.